ಸಾಣೆಚಕ್ರಕ್ಕೊಂದು ನೆಲೆ

ಸಾಣೆ ಎಂಬ ಮಾತು ನಮಗೆ ಹೊಸದಲ್ಲ. ಸಂಸ್ಕೃತದ ಶಾಣವು ಕನ್ನಡದ ಬಾಯಲ್ಲಿ ಸಾಣೆಯಾಗಿ ಶತಮಾನಗಳೇ ಸಂದಿವೆ. ದೇವರ ಮನೆಯಲ್ಲಿ ಗಂಧದ ಕೊರಡನ್ನು ತೇಯುವುದು ಸಾಣೆಕಲ್ಲಿನ ಮೇಲೆ. ಬಡಗಿಯ ಉಳಿ, ರೈತನ ಕುಡುಗೋಲು ತಮ್ಮ ಬಾಯನ್ನು ಹರಿತ ಮಾಡಿಕೊಳ್ಳುವುದೂ ಸಾಣೆಕಲ್ಲಿನ ಮೇಲೆಯೇ. ಬುದ್ಧಿಗೂ ಆಗಾಗ ಸಾಣೆ ಹಿಡಿಯುತ್ತಿರಬೇಕೆಂದು ಹಿರಿಯರು ಹೇಳುವುದುಂಟು. ಮರದ ಚೌಕಟ್ಟಿನಲ್ಲಿ ಚಕ್ರವೊಂದನ್ನು ಕೂರಿಸಿ, ಅದನ್ನು ಹೆಗಲ ಮೇಲೆ ಹೊತ್ತೋ ಬೈಸಿಕಲ್ಲಿಗೆ ಜೋಡಿಸಿಕೊಂಡೋ ಬೀದಿ ಬೀದಿ ಸುತ್ತುತ್ತಿದ್ದ ಸಾಣೆಯವನನ್ನು ಪಟ್ಟಣವಾಸಿಗಳಲ್ಲಿ ಅನೇಕರು ಕಂಡಿದ್ದಾರೆ; ಈಗ ಆತ ಅಪರೂಪ. ಆತನ ಚಕ್ರಕ್ಕೆ ಆತನ ಕಾಲೇ ಎಂಜಿನ್ನು. ತುಳಿತ ಚುರುಕಾದರೆ ಚಕ್ರವೂ ಚುರುಕು. ತುಳಿತ ನಿಂತರೆ ಚಕ್ರಕ್ಕೂ ವಿಶ್ರಾಂತಿ. ಮನುಷ್ಯನ ಕಾಲಿನ ಬಲ ಎಷ್ಟೋ ಅದರ ವೇಗ ಅಷ್ಟು. ವೇಗ ಎಷ್ಟೋ ಅಪಾಯವೂ ಅಷ್ಟು.

ಅದೇ ಚಕ್ರ ವಿದ್ಯುತ್ತಿನ ಮೋಟಾರಿನ ತೆಕ್ಕೆಗೆ ಬಿದ್ದು ಈಗ ಮನೆಯೊಳಕ್ಕೆ ಬಂದಿದೆ. ಕಾರ್ಖಾನೆಯವರು ಇದನ್ನು ಬೆಂಚ್ ಗ್ರೈಂಡರ್ ಎನ್ನುತ್ತಾರೆ. ಗ್ರೈಂಡರ್ ಎಂದೊಡನೆ ನಮ್ಮ ಮನೆಗಳಲ್ಲಿ ದೋಸೆಯ ಹಿಟ್ಟು ನೆನಪಾಗುವುದರಿಂದ ನಾನು ಇದನ್ನು ಸಾಣೆಯಂತ್ರವೆಂದು ಕರೆಯುತ್ತೇನೆ. ನಡುವೆ ಒಂದು ಮೋಟಾರು. ಅದರ ಅಚ್ಚಿನ ಎರಡು ತುದಿಗಳಲ್ಲಿ ಎರಡು ಚಕ್ರಗಳು, ಒಂದು ತರಿಯದು, ಇನ್ನೊಂದು ನುಣುಪಿನದು. ಚಕ್ರಗಳಿಗೆ ಕಬ್ಬಿಣದ ಕಾಪು. ಕೆಳಗೆ ತೂತುಗಳುಳ್ಳ ತಳ. ನಿವೃತ್ತರಾದ ಮೇಲೆ ಮರಗೆಲಸವನ್ನು ಹವ್ಯಾಸವಾಗಿ ಹಿಡಿದವರು, ತೋಟದ ಕತ್ತಿ ಸನಿಕೆಗಳನ್ನು ತಾವೇ ಹರಿತ ಮಾಡಿಕೊಳ್ಳುವವರು, ಹಿತ್ತಲಿನ ಮಾಡಿನಲ್ಲೋ ಕಾರಿನ ಶೆಡ್ಡಿನ ಮೂಲೆಯಲ್ಲೋ ಪುಟ್ಟ ಕಮ್ಮಟ ಹೂಡಿಕೊಂಡವರು ಮೊದಲು ಕೊಳ್ಳುವ ಯಂತ್ರಗಳಲ್ಲಿ ಇದೂ ಒಂದು. ಅಂಗಡಿಯಿಂದ ತಂದು, ಮೇಜಿನ ಮೇಲಿರಿಸಿ, ಪ್ಲಗ್ಗು ಚುಚ್ಚಿ ಗುಂಡಿ ಒತ್ತಿದರೆ ಅದು ತಿರುಗುತ್ತದೆ. ಆ ಸುಲಭತೆಯೇ ಅದರ ಮೋಸ. ತಿರುಗುವುದು ಬೇರೆ, ನೆಲೆಯಾಗಿ ನಿಂತು ತಿರುಗುವುದು ಬೇರೆ. ಈ ಎರಡರ ನಡುವಣ ಅಂತರವೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ವೇಗದ ಲೆಕ್ಕವನ್ನು ನೋಡೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳದು. ಎರಡು ಧ್ರುವಗಳ ಮೋಟಾರು ಅದರೊಡನೆ ಹೆಜ್ಜೆ ತಪ್ಪದೆ ತಿರುಗಿದ್ದರೆ ನಿಮಿಷಕ್ಕೆ 3,000 ಸುತ್ತುಗಳಾಗುತ್ತಿದ್ದವು. ಸ್ವಲ್ಪ ಹಿಂದೆ ಬೀಳುವುದು ಇಂಥ ಮೋಟಾರಿನ ಸ್ವಭಾವವಾದ್ದರಿಂದ ಸುಮಾರು 2,900 ಎನ್ನೋಣ. ಅಂದರೆ ಸೆಕೆಂಡಿಗೆ 48 ಸುತ್ತು. ಚಕ್ರದ ವ್ಯಾಸ 150 ಮಿಲಿಮೀಟರ್, ನಮ್ಮ ಹಳೆಯ ಲೆಕ್ಕದಲ್ಲಿ ಆರು ಅಂಗುಲ. ಅದರ ಅಂಚಿನಲ್ಲಿರುವ ಒಂದು ಕಣ ಸೆಕೆಂಡಿಗೆ ಸುಮಾರು 23 ಮೀಟರ್ ದೂರ ಓಡುತ್ತದೆ. ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ 80 ಕಿಲೋಮೀಟರ್‌ಗೂ ಮೇಲೆ. ಹೆದ್ದಾರಿಯಲ್ಲಿ ಧಾವಿಸುವ ಮೋಟಾರು ಗಾಡಿಯ ವೇಗವನ್ನು ನಾವು ಮುಖದಿಂದ ಒಂದೂವರೆ ಅಡಿ ದೂರದಲ್ಲಿ ಇರಿಸಿಕೊಂಡು ಅದಕ್ಕೆ ಉಳಿಯನ್ನು ಒಡ್ಡುತ್ತೇವೆ. ಚಕ್ರ ತುಂಡಾದರೆ ತುಂಡುಗಳು ಹಾರುವುದೂ ಅದೇ ವೇಗದಲ್ಲಿ.

ಕಲ್ಲಿನಂಥ ಚಕ್ರ ತುಂಡಾಗುವುದುಂಟೇ ಎಂದು ಕೇಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ, ಚಾಕು ಚೂರಿಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಸಾಣೆ ಹಿಡಿಯುವವರು ನಿಸರ್ಗದ ಮರಳುಗಲ್ಲಿನ ದೊಡ್ಡ ಚಕ್ರಗಳೆದುರು ಕುಳಿತು ಕೆಲಸ ಮಾಡುತ್ತಿದ್ದರು. ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಚಕ್ರ ಓಡುತ್ತಿದ್ದಂತೆಯೇ ಸಿಡಿಯುತ್ತಿತ್ತು, ಹಾಗೆ ಸತ್ತವರುಂಟು. ಸಿಡಿಯದ ಕಲ್ಲೂ ದಯೆ ತೋರಲಿಲ್ಲ. ಒಣ ಕಲ್ಲಿನ ಧೂಳು ಶ್ವಾಸಕೋಶವನ್ನು ತುಂಬಿ, ನಡುವಯಸ್ಸು ಕಾಣುವ ಮೊದಲೇ ಅನೇಕರನ್ನು ಒಯ್ಯುತ್ತಿತ್ತು. ಇಂದಿನ ಚಕ್ರ ನಿಸರ್ಗದ ಕಲ್ಲಲ್ಲ, ಮನುಷ್ಯನೇ ಮಾಡಿದ್ದು. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೂಸ್ಟರ್ ಪಟ್ಟಣದಲ್ಲಿ ಫ್ರ್ಯಾಂಕ್ ನಾರ್ಟನ್ ಎಂಬಾತ ಮಡಕೆಗಳ ಕಾರ್ಖಾನೆ ನಡೆಸುತ್ತಿದ್ದ. ಕುರುಂದದ ಜಾತಿಯ ಗಡುಸಾದ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ, ಚಕ್ರದ ರೂಪ ಕೊಟ್ಟು, ಮಡಕೆ ಸುಡುವ ಗೂಡಿನಲ್ಲಿಯೇ ಸುಡುವ ಪ್ರಯೋಗ 1870ರ ದಶಕದಲ್ಲಿ ಅಲ್ಲಿ ಸಫಲವಾಯಿತು. ಮುಂದೆ 1885ರಲ್ಲಿ ಅದೇ ಒಂದು ಪ್ರತ್ಯೇಕ ಉದ್ಯಮವಾಯಿತು. ಪುಡಿಯ ಜಾತಿ ಬದಲಾಗಿದೆ; ಈಗ ಉಕ್ಕಿನ ಕೆಲಸಕ್ಕೆ ಬಳಸುವುದು ಕೃತಕವಾಗಿ ತಯಾರಿಸಿದ ಅಲ್ಯೂಮಿನಿಯಮ್ ಆಕ್ಸೈಡ್. ಆದರೆ ಮನೆಯ ಸಾಣೆಯಂತ್ರಕ್ಕೆ ಬರುವ ಸಾಮಾನ್ಯ ಚಕ್ರ ಇಂದಿಗೂ, ತತ್ತ್ವತಃ, ಸುಟ್ಟ ಮಡಕೆಯೇ. ಗಡುಸಿನಲ್ಲಿ ಉಕ್ಕನ್ನು ಸವೆಸಬಲ್ಲದು. ಪೆಟ್ಟು ತಿಂದರೆ ಮಡಕೆಯಂತೆ ಬಿರಿಯಬಲ್ಲದು.

ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಹೊಳೆಯುತ್ತವೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಾರಲ್ಲವೇ? ಚಕ್ರದ ಮೊದಲ ಪರೀಕ್ಷೆಯೂ ಅದೇ. ಕಾಪಿನ ಪಕ್ಕದ ಮುಚ್ಚಳವನ್ನು ತೆಗೆದು, ಚಕ್ರವನ್ನು ಬಿಚ್ಚಿ, ಧೂಳು ಒರಸಿ, ನಡುವಿನ ತೂತಿನಲ್ಲಿ ಬೆರಳು ತೂರಿಸಿ ತೂಗಬಿಡಬೇಕು. ತಿರುಪುಳಿಯ ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿಯಿಂದ, ಅಂಚಿಗಿಂತ ಒಂದೆರಡು ಅಂಗುಲ ಒಳಗೆ, ಪಕ್ಕದ ಮೈಯನ್ನು ಮೆಲ್ಲಗೆ ತಟ್ಟಬೇಕು. ನೆತ್ತಿಯ ನಡುಗೆರೆಯಿಂದ ಎಡಕ್ಕೂ ಬಲಕ್ಕೂ 45 ಡಿಗ್ರಿಯ ಜಾಗ ತಟ್ಟಲು ಯೋಗ್ಯ. ಬಳಿಕ ಚಕ್ರವನ್ನು ಅಷ್ಟೇ ತಿರುಗಿಸಿ ಮತ್ತೊಮ್ಮೆ. ಸ್ವಚ್ಛವಾದ ನಾದ ಬಂದರೆ ಚಕ್ರ ಅಖಂಡ. ಒಡಕು ಬಿದಿರಿನಂಥ ಮೊದ್ದು ಸದ್ದು ಬಂದರೆ ಬಿರುಕಿದೆಯೆಂದೇ ತಿಳಿದು ಅದನ್ನು ಮುರಿದು ಎಸೆಯಬೇಕು, ಮತ್ತೊಬ್ಬರ ಕೈ ಸೇರದಂತೆ. ತೇವ ಹೀರಿದ ಚಕ್ರ ಸರಿಯಾಗಿ ನುಡಿಯದು. ಒಣಗಿದ ಮೇಲೆಯೇ ತಟ್ಟಬೇಕು. ರಾಳದಿಂದ ಬೆಸೆದ ಚಕ್ರಗಳ ನಾದ ಸ್ವಭಾವತಃ ಮಂದವೆಂಬುದೂ ನೆನಪಿರಲಿ. ಹೊಸದಾಗಿ ಕೊಂಡ ಚಕ್ರಕ್ಕೂ ಈ ಪರೀಕ್ಷೆ ತಪ್ಪದು; ಕಾರ್ಖಾನೆಯಿಂದ ಹೊರಟಾಗ ಅಖಂಡವಾಗಿದ್ದುದು ಲಾರಿಯ ಕುಲುಕಾಟದಲ್ಲಿ ಹಾಗೆಯೇ ಉಳಿದಿದೆಯೆಂದು ಹೇಳುವವರಾರು?

ಇನ್ನು ಜಾಗ. ಸಾಣೆಯಂತ್ರ ಕಿಡಿಗಳನ್ನು ಕಾರುತ್ತದೆ. ಆ ಕಿಡಿಗಳು ಉರಿಯುವ ಉಕ್ಕಿನ ಕಣಗಳು. ಆದ್ದರಿಂದ ಮರದ ಹೊಟ್ಟು, ಬಣ್ಣದ ಡಬ್ಬಿ, ಸೀಮೆಎಣ್ಣೆ, ಅಡುಗೆ ಅನಿಲದ ಸಿಲಿಂಡರು ಇವುಗಳ ನೆರೆ ಅದಕ್ಕೆ ಸಲ್ಲದು. ಕಿಡಿ ಆರಿದ ಮೇಲೆ ಉಳಿಯುವ ತರಿಯೂ ಅಷ್ಟೇ ಕೆಟ್ಟದ್ದು. ಪಕ್ಕದಲ್ಲಿ ಲೇತೋ ಹೊಲಿಗೆಯ ಯಂತ್ರವೋ ಇದ್ದರೆ ಅದರ ಎಣ್ಣೆಯಲ್ಲಿ ಬೆರೆತು ಒಳಗೊಳಗೇ ಅದನ್ನು ತೇಯುತ್ತದೆ. ಬೆಳಕು ಎಡದಿಂದಲೋ ಮೇಲಿನಿಂದಲೋ ಬೀಳುವ, ಗಾಳಿಯಾಡುವ, ಬೆನ್ನ ಹಿಂದೆ ಜನ ಓಡಾಡದ ಒಂದು ಮೂಲೆ ಒಳ್ಳೆಯದು. ಎತ್ತರವನ್ನು ಅವರವರ ಮೈಯೇ ಹೇಳುತ್ತದೆ. ನೆಟ್ಟಗೆ ನಿಂತು ಮೊಣಕೈ ಮಡಿಸಿದರೆ ಅದು ಎಷ್ಟು ಎತ್ತರದಲ್ಲಿರುವುದೋ ಚಕ್ರದ ಅಚ್ಚು ಅಷ್ಟೇ ಎತ್ತರದಲ್ಲಿ, ಇಲ್ಲವೇ ತುಸು ಕೆಳಗೆ, ಇರಬೇಕು. ತಗ್ಗಾದರೆ ಬೆನ್ನು ಬಾಗಿ ಮುಖ ಚಕ್ರದ ಮೇಲೆ ಬೀಳುತ್ತದೆ. ಎತ್ತರವಾದರೆ ಕೈ ಸೋತು ಉಳಿಯ ಕೋನ ಕೆಡುತ್ತದೆ.

ಈಗ ಕೂರಿಸುವ ಮಾತಿಗೆ ಬರೋಣ. ಯಂತ್ರ ಅದುರುವುದೇಕೆ? ಚಕ್ರದ ಒಂದು ಮಗ್ಗುಲು ಇನ್ನೊಂದಕ್ಕಿಂತ ಚೂರು ಭಾರವಾಗಿದ್ದರೆ ಸಾಕು. ಹತ್ತು ಗ್ರಾಂ ಹೆಚ್ಚಿನ ಭಾರ ಅಚ್ಚಿನಿಂದ ಏಳು ಸೆಂಟಿಮೀಟರ್ ದೂರದಲ್ಲಿದೆಯೆಂದು ಭಾವಿಸಿ. ನಿಂತ ಚಕ್ರದಲ್ಲಿ ಅದು ಗಣನೆಗೇ ಬಾರದು. 2,900 ಸುತ್ತಿನ ವೇಗದಲ್ಲಾದರೋ ಅದೇ ಹತ್ತು ಗ್ರಾಂ ಅಚ್ಚನ್ನು ಹೊರಕ್ಕೆ ಸೆಳೆಯುವ ಬಲ ಸುಮಾರು ಆರೂವರೆ ಕಿಲೋಗ್ರಾಂ ಭಾರಕ್ಕೆ ಸಮ. ಈ ಸೆಳೆತ ಒಂದೇ ದಿಕ್ಕಿನದಲ್ಲ. ಸೆಕೆಂಡಿಗೆ 48 ಸಲ ಮೇಲೆ, ಕೆಳಗೆ, ಹಿಂದೆ, ಮುಂದೆ ತಿರುತಿರುಗಿ ಬರುವಂಥದು. ವೇಗ ಇಮ್ಮಡಿಸಿದರೆ ಈ ಬಲ ನಾಲ್ಮಡಿಸುತ್ತದೆ. ಕಾಲಿನಿಂದ ತುಳಿಯುವವನ ಚಕ್ರಕ್ಕೆ ಮರದ ಚೌಕಟ್ಟು ಸಾಕಾಗಿದ್ದು, ಮೋಟಾರಿನ ಚಕ್ರಕ್ಕೆ ಅದು ಸಾಲದಿರುವುದರ ಕಾರಣ ಇದೇ.

ಸೆಕೆಂಡಿಗೆ 48 ಸಲದ ಈ ಒದೆತವನ್ನು ನುಂಗಿಕೊಳ್ಳುವುದು ಮೇಜಿನ ಕೆಲಸ. ಹಗುರವಾದ ಮೇಜು ನುಂಗುವುದಿಲ್ಲ, ತಾನೂ ಕುಣಿಯುತ್ತದೆ. ಒಂದೂವರೆ ಎರಡು ಅಂಗುಲ ದಪ್ಪದ ಮತ್ತಿಯದೋ ಹೊನ್ನೆಯದೋ ಹಲಗೆ, ದಪ್ಪ ಕಾಲುಗಳು, ಕಾಲಿಗೂ ಕಾಲಿಗೂ ಅಡ್ಡಪಟ್ಟಿ, ಸಾಧ್ಯವಾದರೆ ಗೋಡೆಗೆ ಬಿಗಿತ, ಇಷ್ಟಿದ್ದರೆ ನಿಶ್ಚಿಂತೆ. ಯಂತ್ರವನ್ನು ಹಲಗೆಯ ನಡುವೆ ಇರಿಸದೆ ಮೇಜಿನ ಕಾಲಿನ ನೇರಕ್ಕೆ, ಮುಂಚಿನ ಅಂಚಿಗೆ ಸಮೀಪವಾಗಿ ಇರಿಸುವುದು ಲೇಸು. ನಡು ಜಗ್ಗುತ್ತದೆ, ಕಾಲಿನ ನೇರ ಜಗ್ಗದು. ಕಡಪದ ಅಥವಾ ಶಹಾಬಾದಿನ ಕಲ್ಲುಚಪ್ಪಡಿ ಭಾರವಾಗಿದೆಯಲ್ಲವೇ, ಅದು ಇನ್ನೂ ಉತ್ತಮವಲ್ಲವೇ ಎಂದು ಕೆಲವರಿಗೆ ತೋರಬಹುದು. ಭಾರವೇನೋ ನಿಜ. ಆದರೆ ತೆಳುವಾದ ಚಪ್ಪಡಿಗೆ ತೂತು ಕೊರೆದು ಬೋಲ್ಟು ಬಿಗಿದರೆ ತೂತಿನ ಸುತ್ತಲೇ ಅದು ಸೀಳುವ ಭಯವುಂಟು. ಚಪ್ಪಡಿಯೇ ಬೇಕಾದರೆ ಅದರ ಮೇಲೆ ದಪ್ಪ ಹಲಗೆಯೊಂದನ್ನು ಹಾಸಿ, ಆ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಕಚ್ಚಿಸಿ, ಯಂತ್ರವನ್ನು ಹಲಗೆಗೆ ಬಿಗಿಯಬೇಕು. ಜಾಗವಿಲ್ಲದವರು ಹಳೆಯ ಕಾರಿನ ಚಕ್ರದ ರಿಮ್ಮಿನೊಳಗೆ ದಪ್ಪ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಕಾಂಕ್ರೀಟು ತುಂಬಿ, ಕೊಳವೆಯ ತಲೆಗೆ ಉಕ್ಕಿನ ಫಲಕ ಬೆಸೆಯಿಸಿ ಕಂಬವೊಂದನ್ನು ಮಾಡಿಕೊಳ್ಳುವುದುಂಟು. ತಳ ಭಾರವಾಗಿ ಅಗಲವಾಗಿದ್ದರೆ ಅದೂ ಸರಿಯೇ.

ಮರದ ತಿರುಪುಮೊಳೆಗಳನ್ನು ಮೇಲಿನಿಂದ ಹಾಕಿ ಕೆಲಸ ಮುಗಿಯಿತೆನ್ನಬಾರದು. ಅದುರಾಟಕ್ಕೆ ಅವು ದಿನದಿನಕ್ಕೆ ಮೇಲೇಳುತ್ತವೆ. ಯಂತ್ರವನ್ನೇ ಹಲಗೆಯ ಮೇಲಿರಿಸಿ, ತಳದ ತೂತುಗಳೊಳಗಿಂದ ಪೆನ್ಸಿಲ್ಲಿನಿಂದ ಗುರುತು ಮಾಡಿ, ಆರಪಾರ ತೂತು ಕೊರೆದು, ತೂತಿಗೆ ತಕ್ಕ ಬೋಲ್ಟುಗಳನ್ನು ಇಳಿಬಿಡಬೇಕು. ಹಲಗೆಯ ಕೆಳಗೆ ಅಗಲವಾದ ವಾಷರು, ಅದರ ಮೇಲೆ ನಟ್ಟು, ಆ ನಟ್ಟಿಗೆ ಕಾವಲಾಗಿ ಇನ್ನೊಂದು ನಟ್ಟು. ತಳಕ್ಕೂ ಹಲಗೆಗೂ ನಡುವೆ ರಬ್ಬರಿನ ದಪ್ಪ ಬಿಲ್ಲೆಗಳನ್ನು ಇಡುವುದು ವಾಡಿಕೆ. ಅದು ಸದ್ದನ್ನೂ ಅದುರನ್ನೂ ತಗ್ಗಿಸುತ್ತದೆ. ಆದರೆ ರಬ್ಬರು ಚಪ್ಪಟೆಯಾಗುವಂತೆ ಬಿಗಿದರೆ ಅದು ರಬ್ಬರಾಗಿ ಉಳಿಯುವುದಿಲ್ಲ. ಹಲಗೆ ಸಮತಟ್ಟಾಗಿಲ್ಲದಿದ್ದರೆ ಬೋಲ್ಟಿನ ಬಲದಿಂದ ತಳವನ್ನು ಎಳೆದು ಕೂರಿಸಬಾರದು. ಎತ್ತರ ಸಾಲದ ಮೂಲೆಗೆ ತಗಡಿನ ಚೂರನ್ನು ಇಟ್ಟು ನಾಲ್ಕು ಮೂಲೆಯೂ ತಾವಾಗಿ ಕೂತ ಮೇಲೆ ಬಿಗಿಯಬೇಕು.

ಚಕ್ರವನ್ನು ಮರಳಿ ಅಚ್ಚಿಗೇರಿಸುವಾಗ ಮತ್ತೆ ಮಡಕೆಯ ಮಾತು. ಚಕ್ರದ ಎರಡು ಮಗ್ಗುಲಿಗೂ ಕಾಗದದ ಬಿಲ್ಲೆ ಅಂಟಿಸಿರುತ್ತಾರೆ. ಅಂದಕ್ಕೆಂದು ಭಾವಿಸಿ ಅದನ್ನು ಕಿತ್ತುಹಾಕುವವರುಂಟು. ಗಡುಸಾದ ಚಕ್ರವನ್ನು ಗಡುಸಾದ ಉಕ್ಕಿನ ಫ್ಲ್ಯಾಂಜು ಅಮುಕುವಾಗ ಒತ್ತಡವನ್ನು ಸಮನಾಗಿ ಹಂಚುವ ಮೆತ್ತೆ ಅದು. ಅದರ ಮೇಲೆಯೇ ಚಕ್ರದ ಗರಿಷ್ಠ ವೇಗವನ್ನೂ ಅಚ್ಚು ಹಾಕಿರುತ್ತಾರೆ. ಆ ಅಂಕಿ ಮೋಟಾರಿನ ವೇಗಕ್ಕಿಂತ ಹೆಚ್ಚಾಗಿರಲೇಬೇಕು. ಎರಡು ಕಡೆಯ ಫ್ಲ್ಯಾಂಜುಗಳೂ ಒಂದೇ ಅಳತೆಯವಾಗಿರಬೇಕು. ಅವುಗಳ ವ್ಯಾಸ ಚಕ್ರದ ಮೂರನೆಯ ಒಂದು ಪಾಲಿಗೆ ಕಡಿಮೆಯಿರಬಾರದು. ಕಾಪನ್ನು ತೆಗೆದು ದೊಡ್ಡ ಚಕ್ರವನ್ನು ಹಾಕಿಕೊಳ್ಳುವ ಜಾಣತನವಂತೂ ಬೇಡವೇ ಬೇಡ. ಆರು ಅಂಗುಲದ ಜಾಗದಲ್ಲಿ ಎಂಟು ಅಂಗುಲದ ಚಕ್ರವನ್ನು ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 30 ಮೀಟರ್ ದಾಟುತ್ತದೆ. ತಡೆಯಬೇಕಾದ ಕಾಪು ಮಾತ್ರ ಅಲ್ಲಿರುವುದಿಲ್ಲ.

ನಟ್ಟಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರದೆದುರು ನಿಂತವನ ಬಲಗಡೆಯ ತಿರುಪು ಎಲ್ಲ ತಿರುಪುಗಳಂತೆ, ಎಡಗಡೆಯದು ತಿರುವುಮುರುವು. ಓಡುವ ಚಕ್ರ ನಟ್ಟನ್ನು ಸಡಿಲಿಸದೆ ಬಿಗಿಯುತ್ತಲೇ ಇರಲೆಂದು ಹೀಗೆ ಮಾಡಿದ್ದಾರೆ. ಇದನ್ನರಿಯದೆ ಎಡಗಡೆಯ ನಟ್ಟಿನೊಡನೆ ಗುದ್ದಾಡಿ ತಿರುಪನ್ನೇ ಹಾಳುಮಾಡಿದವರಿದ್ದಾರೆ. ಎರಡು ಕಡೆಗೂ ಸಲ್ಲುವ ಒಂದು ಗುರುತು: ಚಕ್ರ ಓಡುವ ದಿಕ್ಕಿಗೆ ನಟ್ಟನ್ನು ತಿರುಗಿಸಿದರೆ ಸಡಿಲುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ಬಿಗಿಯುತ್ತದೆ. ಬಿಗಿತ ಚಕ್ರ ಜಾರದಷ್ಟು ಸಾಕು. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದರೆ ಮಡಕೆ ಅಲ್ಲಿಯೇ ಬಿರುಕು ಬಿಡಬಹುದು.

ಚಕ್ರದ ಮುಂದಿರುವ ಆಸರೆಪಟ್ಟಿ, ಅಂದರೆ ಟೂಲ್ ರೆಸ್ಟು, ಕೈಗೆ ಊರುಗೋಲು. ಅದಕ್ಕೂ ಚಕ್ರಕ್ಕೂ ನಡುವಣ ಸಂದು 3 ಮಿಲಿಮೀಟರ್ ಮೀರಕೂಡದು. ಸಂದು ಹಿಗ್ಗಿದರೆ ತೆಳುವಾದ ವಸ್ತು ಚಕ್ರದೊಡನೆ ಕೆಳಕ್ಕೆ ಸೆಳೆದುಕೊಂಡು ಹೋಗಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಚಕ್ರ ಒಡೆಯುವುದು, ಬೆರಳು ಹೋಗುವುದು ಬಹುಮಟ್ಟಿಗೆ ಹೀಗೆ. ಕಾಪಿನ ಮೇಲ್ತುದಿಯ ನಾಲಗೆಗೂ ಚಕ್ರಕ್ಕೂ ನಡುವೆ 6 ಮಿಲಿಮೀಟರ್ ಸಾಕು. ಚಕ್ರ ಸವೆದಂತೆಲ್ಲ ಈ ಸಂದುಗಳು ಹಿಗ್ಗುತ್ತವೆ. ಆಗಾಗ ಅವನ್ನು ಹತ್ತಿರಕ್ಕೆ ತರಬೇಕು, ಅದೂ ಯಂತ್ರ ಪೂರ್ತಿ ನಿಂತ ಮೇಲೆ. ಗುಂಡಿ ಆರಿಸಿದ ಮೇಲೂ ಚಕ್ರ ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತಿರುತ್ತದೆ. ಸದ್ದು ಮಾಡುವ ಚಕ್ರಕ್ಕಿಂತ ಈ ಮೌನಿ ಹೆಚ್ಚು ಅಪಾಯಕಾರಿ.

ವಿದ್ಯುತ್ತಿನ ಬಗೆಗೆ ಎರಡೇ ಮಾತು. ಮೂರು ಕಡ್ಡಿಯ ಪ್ಲಗ್ಗು, ನಿಜವಾಗಿ ಭೂಮಿಗೆ ಮುಟ್ಟಿದ ಅರ್ತಿಂಗು, ಇವೆರಡೂ ಇಲ್ಲದೆ ಕಬ್ಬಿಣದ ಮೈಯ ಯಂತ್ರವನ್ನು ಮುಟ್ಟಬಾರದು. ಸ್ವಿಚ್ಚು ಚಕ್ರದ ಮೇಲಿಂದ ಕೈಚಾಚಬೇಕಾದ ಕಡೆ ಇರದೆ, ಪಕ್ಕಕ್ಕೆ ನಿಂತೇ ಒತ್ತಬಹುದಾದ ಕಡೆ ಇರಬೇಕು.

ಪಕ್ಕಕ್ಕೆ ಏಕೆಂದರೆ, ಮೊದಲ ಓಟದ ಮೊದಲ ನಿಮಿಷವೇ ಚಕ್ರದ ಸತ್ಯಪರೀಕ್ಷೆ. ಬಿರುಕಿದ್ದರೆ, ಬಿಗಿತ ತಪ್ಪಿದ್ದರೆ, ಅದು ಬಯಲಾಗುವುದು ಸಾಮಾನ್ಯವಾಗಿ ಆಗ. ಕಾಪುಗಳನ್ನೆಲ್ಲ ಹಾಕಿ, ಕೈಯಿಂದ ಒಮ್ಮೆ ತಿರುಗಿಸಿ ಎಲ್ಲಿಯೂ ತಾಗದೆಂದು ನೋಡಿ, ಚಕ್ರದ ಸಮತಲದಿಂದ ದೂರ ನಿಂತು ಗುಂಡಿಯೊತ್ತಿ, ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಕಣ್ಣಿಗೆ ಪಕ್ಕಗಳೂ ಮುಚ್ಚುವಂಥ ರಕ್ಷಣೆಯ ಕನ್ನಡಕವಿರಲಿ. ಓದುವ ಕನ್ನಡಕ ಆ ಕೆಲಸಕ್ಕೆ ಬಾರದು. ಶಲ್ಯ, ಸೆರಗು, ಇಳಿಬಿದ್ದ ಜಡೆ, ಸಡಿಲವಾದ ತೋಳು, ಕೈಗವಸು ಇವಾವುವೂ ಚಕ್ರದ ಬಳಿ ಸುಳಿಯಬಾರದು.

ಇಷ್ಟಾದ ಮೇಲೂ ಯಂತ್ರ ಅದುರಿದರೆ? ಮೇಜಿನ ಮೇಲೆ ದೂರದಲ್ಲಿ ಒಂದು ಲೋಟ ನೀರಿಟ್ಟು ಅಲೆಗಳನ್ನು ನೋಡಿ. ಬಳಿಕ ಎರಡೂ ಚಕ್ರಗಳನ್ನು ಬಿಚ್ಚಿ ಬರಿಯ ಅಚ್ಚನ್ನು ಓಡಿಸಿ. ನೀರು ತಿಳಿಯಾದರೆ ಮೋಟಾರು ನಿರ್ದೋಷಿ. ಒಂದೊಂದಾಗಿ ಚಕ್ರಗಳನ್ನು ಹಾಕಿ ನೋಡಿದರೆ ತಪ್ಪಿತಸ್ಥ ಯಾವುದೆಂಬುದು ಗೊತ್ತಾಗುತ್ತದೆ. ಎಷ್ಟೋ ಸಲ ಚಕ್ರದ ತೂತು ಅಚ್ಚಿಗೆ ಸಡಿಲವಾಗಿ, ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತಿರುತ್ತದೆ. ಡ್ರೆಸರ್ ಎಂಬ ಉಪಕರಣವನ್ನು ಆಸರೆಪಟ್ಟಿಯ ಮೇಲೆ ಊರಿ, ಓಡುವ ಚಕ್ರದ ಮುಖಕ್ಕೆ ಹಗುರವಾಗಿ ಆಡಿಸಿದರೆ ಉಬ್ಬಿದ ಮಗ್ಗುಲು ಸವೆದು ಚಕ್ರ ಗುಂಡಗಾಗುತ್ತದೆ. ಅದುರಾಟವೂ ಬಹುಪಾಲು ಇಳಿಯುತ್ತದೆ. ಆರಿಸಿದ ಮೇಲೆ ವೇಗ ಇಳಿಯುತ್ತಿರುವಾಗ ಒಂದು ಗಳಿಗೆ ಮಾತ್ರ ಮೇಜು ಗಡಗಡ ನಡುಗಿ ಮತ್ತೆ ಶಾಂತವಾದರೆ, ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಾಗ ಅದು ಎತ್ತರಕ್ಕೆ ತೂಗುವಂತೆ, ಚಕ್ರದ ಲಯ ಮೇಜಿನ ಲಯಕ್ಕೆ ಆ ಗಳಿಗೆ ಕೂಡಿಬಂದಿದೆಯೆಂದು ಅರ್ಥ. ಮೇಜಿಗೆ ಇನ್ನಷ್ಟು ಭಾರ, ಇನ್ನೊಂದು ಅಡ್ಡಪಟ್ಟಿ ಅದಕ್ಕೆ ಮದ್ದು.

ನೆಲೆ ಸರಿಯಾದರೆ ಅದರ ಫಲ ಉಳಿಯ ಬಾಯಲ್ಲಿ ಕಾಣುತ್ತದೆ. ಅದುರುವ ಚಕ್ರದ ಮೇಲೆ ಉಳಿ ಕುಪ್ಪಳಿಸುತ್ತದೆ, ಹಿಡಿದವನು ಅದನ್ನು ಅಣಗಿಸಲು ಒತ್ತುತ್ತಾನೆ, ಒತ್ತಿದಷ್ಟೂ ಕಾವು. ಸಾಧಾರಣ ಉಕ್ಕಿನ ಉಳಿ 230 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹುಲ್ಲಿನ ಹಳದಿ ತಾಳುತ್ತದೆ. 300ರ ಹತ್ತಿರ ನೀಲಿಯಾಗುತ್ತದೆ. ನೀಲಿ ಕಂಡಿತೆಂದರೆ ಕಮ್ಮಾರ ಅದಕ್ಕೆ ಕೊಟ್ಟ ಹದ ಹೋಯಿತು. ಆ ಭಾಗವನ್ನೆಲ್ಲ ತೇದು ಕಳೆಯದೆ ಬೇರೆ ದಾರಿಯಿಲ್ಲ. ನೆಲೆಯಾಗಿ ಓಡುವ ಚಕ್ರಕ್ಕೆ ಒತ್ತಡ ಬೇಡ. ಉಳಿಯನ್ನು ತಾಗಿಸಿ ತೆಗೆದು, ನೀರಿನಲ್ಲಿ ಅದ್ದಿ, ಮತ್ತೆ ತಾಗಿಸಿದರೆ ಸಾಕು.

ಯಂತ್ರವನ್ನು ಕೊಳ್ಳಲು ಒಂದು ಗಂಟೆ ಸಾಕು. ಕೂರಿಸಲು ಒಂದು ಭಾನುವಾರ ಬೇಕು. ಆ ಭಾನುವಾರವನ್ನು ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಮನೆಯ ಕಮ್ಮಟದಲ್ಲಿ ತಪಾಸಣೆಗೆ ಬರುವ ಅಧಿಕಾರಿಯಿಲ್ಲ, ಎಚ್ಚರಿಸುವ ಮೇಸ್ತ್ರಿಯಿಲ್ಲ. ಬಾಗಿಲಲ್ಲಿ ನಿಂತು ಕಿಡಿಗಳ ಹೂಬಾಣವನ್ನು ನೋಡಲು ಬರುವುದು ಮಕ್ಕಳು, ಮೊಮ್ಮಕ್ಕಳು. ಮೇಸ್ತ್ರಿಯ ಕಣ್ಣು, ಗಡಿಗೆ ಕೊಳ್ಳುವವಳ ಕಿವಿ, ಎರಡೂ ಅಲ್ಲಿ ಯಜಮಾನನವೇ ಆಗಬೇಕು. ಮೊದಲ ದಿನ ಮಾತ್ರವಲ್ಲ, ಹೊಸ ಚಕ್ರ ಏರಿಸಿದ ಪ್ರತಿಯೊಂದು ಸಲವೂ ತಟ್ಟಿ ಕೇಳಿ, ಪಕ್ಕಕ್ಕೆ ನಿಂತು, ಆ ಒಂದು ನಿಮಿಷ ಕಾಯಬೇಕು.